ಹೊಸಬರಿಗೆ ಮಾರ್ಗದರ್ಶಿ: ಮೆಲ್ಬರ್ನ್‌ನ ಬಿಸಿಲು, ಗಾಳಿ, ನೀರು ಮತ್ತು ಬೆನ್ನ ಹಿಂದಿನ ಒಣನೆಲ

ನವೆಂಬರ್ ಬಂತೆಂದರೆ ಇಲ್ಲಿಯ ನಮ್ಮ ಕನ್ನಡಿಗರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. "ಬೆಳಗ್ಗೆ ಸ್ವೆಟರ್ ಹಾಕಿ ಮಗಳನ್ನು ಸ್ಕೂಲಿಗೆ ಕಳಿಸಿದೆ, ಮಧ್ಯಾಹ್ನ ಬೆಂದು ಬಂದಳು, ಇದೇನು ಹವಾ ರೀ?" "ಮಗನ ಮೂಗಿನಿಂದ ರಕ್ತ ಬರ್ತಿದೆ, ಏನು ಮಾಡೋದು?" "ಗೃಹಪ್ರವೇಶಕ್ಕೆ ಹಿತ್ತಿಲಲ್ಲಿ ಹೋಮ ಮಾಡಬಹುದಾ?" ಮೂರೂ ಬೇರೆ ಬೇರೆ ಪ್ರಶ್ನೆ ಅನ್ನಿಸುತ್ತೆ ಅಲ್ವಾ? ಮೂರರ ಬೇರೂ ಒಂದೇ ಕಡೆ ಇದೆ. ಮೆಲ್ಬರ್ನಿನ ಉತ್ತರಕ್ಕೆ, ಸಾವಿರಾರು ಕಿಲೋಮೀಟರ್ ಹರಡಿಕೊಂಡಿರುವ ಒಣನೆಲದಲ್ಲಿ.

ಬಾಡಿಗೆ ಮನೆ, ಮೆಡಿಕೇರ್ (ಸರಕಾರಿ ಆರೋಗ್ಯ ವಿಮೆ), ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನೆಲದ ಬಗ್ಗೆ ಯಾರೂ ಹೇಳುವುದಿಲ್ಲ. ನಾನು ಬಂದದ್ದು 2009ರ ಜನವರಿಯಲ್ಲಿ. ನನಗೂ ಯಾರೂ ಹೇಳಿರಲಿಲ್ಲ. ಬಂದ ಎರಡೇ ವಾರಕ್ಕೆ ಮೆಲ್ಬರ್ನ್ ಸತತ ಮೂರು ದಿನ 43 ಡಿಗ್ರಿ ದಾಟಿತು. ಫೆಬ್ರವರಿ 7ಕ್ಕೆ 46.4 ಮುಟ್ಟಿತು. ರಾಯಚೂರಿನವರೂ ಹೌಹಾರುವ ಬಿಸಿಲು ಅದು.

ಎಷ್ಟು ದೊಡ್ಡದು, ಯಾಕೆ ಇಷ್ಟು ಒಣ

ಆಸ್ಟ್ರೇಲಿಯಾದ ವಿಸ್ತೀರ್ಣ ಸುಮಾರು 77 ಲಕ್ಷ ಚದರ ಕಿಲೋಮೀಟರ್. ಭಾರತದ ಎರಡರಷ್ಟಕ್ಕಿಂತ ಜಾಸ್ತಿ. ಜನ ಮಾತ್ರ 2.7 ಕೋಟಿ, ಅಂದರೆ ಕರ್ನಾಟಕದ ಅರ್ಧವೂ ಇಲ್ಲ. ಅದರಲ್ಲೂ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಸಮುದ್ರದಿಂದ 50 ಕಿಲೋಮೀಟರ್ ಒಳಗೇ ಇದ್ದಾರೆ. ಮನೆ ಮುಂದಿನ ಹುಲ್ಲು, ಗುಲಾಬಿ, ಪಾರ್ಕು ನೋಡಿ ಇಡೀ ದೇಶ ಹೀಗೇ ಇದೆ ಅಂದುಕೊಳ್ಳಬೇಡಿ. ಇದು ಸೀರೆಯ ಅಂಚು. ಒಡಲು ಪೂರ್ತಿ ಕೆಂಪು, ಒಣ.

ಜನವಸತಿ ಇರುವ ಖಂಡಗಳಲ್ಲಿ ಎಲ್ಲಕ್ಕಿಂತ ಒಣ ಖಂಡ ಇದೇ. ದೇಶದ ಸರಾಸರಿ ಮಳೆ ವರ್ಷಕ್ಕೆ 500 ಮಿಲಿಮೀಟರಿಗಿಂತ ಕಡಿಮೆ. ಬೆಂಗಳೂರಿಗೆ ಇದರ ಎರಡರಷ್ಟು ಬೀಳುತ್ತದೆ. ಆದರೆ ಸರಾಸರಿ ನಂಬಿ ಕೂರುವ ಹಾಗಿಲ್ಲ. ಸಿಡ್ನಿಯಲ್ಲಿ ಬೆಂಗಳೂರಿಗಿಂತ ಜಾಸ್ತಿ ಮಳೆ. ಉತ್ತರ ತುದಿಯ ಡಾರ್ವಿನ್‌ಗೆ ಹೋದರೆ ನಮ್ಮ ಕರಾವಳಿಯ ಜಿಗುಟು ಸೆಕೆ, ಧೋ ಎನ್ನುವ ಮಳೆ. ಅಲ್ಲಿ ಮಳೆಗಾಲ, ಒಣಗಾಲ ಎರಡೇ. ಮೆಲ್ಬರ್ನಿಗೆ ವರ್ಷಕ್ಕೆ ಸುಮಾರು 650 ಮಿಲಿಮೀಟರ್, ಅದೂ ಹನಿ ಹನಿಯಾಗಿ ವರ್ಷವಿಡೀ. ಕೊಡೆ ಬಿಚ್ಚುವಷ್ಟರಲ್ಲಿ ನಿಂತಿರುತ್ತದೆ.

ಯಾಕೆ ಒಣ? ಎರಡು ಕಾರಣ ಗೊತ್ತಿದ್ದರೆ ಸಾಕು. ಭೂಮಧ್ಯರೇಖೆಯ ಹತ್ತಿರ ಮೇಲೇರಿದ ಗಾಳಿ ಮಳೆ ಸುರಿಸಿ, ಒಣಗಿ, ಸುಮಾರು 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಈ ದೇಶದ ದೊಡ್ಡ ಭಾಗ ಸರಿಯಾಗಿ ಅದರ ಕೆಳಗೇ ಇದೆ. ಎರಡನೆಯದು ನಮಗೆ ಹುಟ್ಟಿದಾಗಿನಿಂದ ಗೊತ್ತಿರುವ ಸಂಗತಿ. ಪಶ್ಚಿಮ ಘಟ್ಟ ಮೋಡವನ್ನು ತಡೆದು ಆಗುಂಬೆಯಲ್ಲಿ ಸುರಿಸುತ್ತದೆ, ಚಿತ್ರದುರ್ಗಕ್ಕೆ ಬರುವಾಗ ಮೋಡದ ಗಂಟು ಖಾಲಿ. ಇಲ್ಲಿ ಅದೇ ಕತೆ ತಿರುಗಾಮುರುಗಾ. ಗ್ರೇಟ್ ಡಿವೈಡಿಂಗ್ ರೇಂಜ್ ಎಂಬ ಬೆಟ್ಟದ ಸಾಲು ಪೂರ್ವ ಕರಾವಳಿಯ ಉದ್ದಕ್ಕೂ ಇದೆ. ಅದರ ಪೂರ್ವಕ್ಕೆ ಮಲೆನಾಡು, ಪಶ್ಚಿಮಕ್ಕೆ ಬಯಲುಸೀಮೆ, ಇನ್ನೂ ಆಚೆ ಬರೀ ಮರಳು. ಬೆಟ್ಟಗಳೂ ಸವೆದು ಕುಳ್ಳಗಾಗಿವೆ. ಇಡೀ ದೇಶದ ಎತ್ತರದ ಶಿಖರ ಕೊಸಿಯುಸ್ಕೊ 2228 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 300 ಮೀಟರ್ ಜಾಸ್ತಿ, ಅಷ್ಟೇ.

ಒಳನಾಡಿನಲ್ಲಿ ನದಿ ಅನ್ನುವ ಮಾತಿಗೇ ಅರ್ಥ ಬೇರೆ. ದೇಶದ ನಟ್ಟನಡುವಿನ ಊರು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಟಾಡ್ ನದಿಯ ದೋಣಿ ಪಂದ್ಯ ನಡೆಯುತ್ತದೆ. ನೀರಿಲ್ಲ. ತಳವಿಲ್ಲದ ದೋಣಿಯನ್ನು ಸೊಂಟಕ್ಕೆ ಎತ್ತಿಕೊಂಡು ಜನ ಮರಳಿನಲ್ಲಿ ಓಡುತ್ತಾರೆ. 1993ರಲ್ಲಿ ಪಂದ್ಯ ರದ್ದಾಯಿತು. ಕಾರಣ: ನದಿಯಲ್ಲಿ ನೀರು ಬಂದಿತ್ತು!

ನೀರಿನ ವಿಷಯ

ನಲ್ಲಿ ತಿರುಗಿಸಿದರೆ 24 ಗಂಟೆಯೂ ನೀರು ಬರುತ್ತದೆ, ಕುಡಿಯಲೂ ಚೆನ್ನಾಗಿದೆ. ಫಿಲ್ಟರ್ ಕೊಳ್ಳುವ ಅವಸರ ಬೇಡ. ಹಾಗಂತ ನೀರು ಬೇಕಾದಷ್ಟಿದೆ ಅಂತ ಅಲ್ಲ. ಮೆಲ್ಬರ್ನಿನ ದೊಡ್ಡ ಅಣೆಕಟ್ಟು ಥಾಮ್ಸನ್, ನಮ್ಮ ಕೆಆರ್‌ಎಸ್‌ಗಿಂತ ಸ್ವಲ್ಪ ಚಿಕ್ಕದು. 1990ರ ದಶಕದ ಕೊನೆಯಿಂದ 2009ರವರೆಗೆ ಎಳೆದ ದೊಡ್ಡ ಬರಗಾಲದ ಕೊನೆಯಲ್ಲಿ ಮೆಲ್ಬರ್ನಿನ ಎಲ್ಲ ಅಣೆಕಟ್ಟು ಸೇರಿ ಕಾಲುಭಾಗದ ಹತ್ತಿರಕ್ಕೆ ಇಳಿದಿದ್ದವು. ಒಬ್ಬರಿಗೆ ದಿನಕ್ಕೆ 155 ಲೀಟರ್ ಎಂಬುದು ಆಗ ಇಲ್ಲಿಯ ಗುರಿ. ಬಾಡಿಗೆ ಮನೆಯ ಶವರ್‌ನಲ್ಲಿ ನಾಲ್ಕು ನಿಮಿಷದ ಮರಳು ಗಡಿಯಾರ ಅಂಟಿಸಿದ್ದರು. ಎಣ್ಣೆ ಸ್ನಾನಕ್ಕೆ ನಾಲ್ಕು ನಿಮಿಷ ಯಾವ ಮೂಲೆಗೆ ಸಾಕು? ಬಕೆಟ್ಟು, ಚೊಂಬು ತಂದುಕೊಂಡೆವು. ಲೆಕ್ಕ ಹಾಕಿದರೆ ಅದರಲ್ಲೇ ನೀರು ಕಮ್ಮಿ ಖರ್ಚಾಗುತ್ತಿತ್ತು.

ಬರ ಹೋದರೂ ಕೆಲವು ನಿಯಮಗಳು ಉಳಿದುಕೊಂಡಿವೆ. ನಮ್ಮವರು ಎಡವುವುದು ಒಂದು ಕಡೆ: ಬೆಳಗ್ಗೆ ಎದ್ದು ಪೈಪ್ ಹಿಡಿದು ಅಂಗಳ ತೊಳೆಯುವುದು. ಸಿಮೆಂಟಿನ ಅಂಗಳ, ಡ್ರೈವ್‌ವೇಗಳನ್ನು ಸುಮ್ನೆ ಪೈಪ್ ಬಿಟ್ಟು ತೊಳೆಯುವಂತಿಲ್ಲ. ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ರಂಗೋಲಿ ಹಾಕಿ. ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುವಾಗ ಅದರ ತುದಿಗೆ ಒತ್ತಿದರೆ ಮಾತ್ರ ನೀರು ಬರುವ ಹಿಡಿ ಇರಬೇಕು. ಸ್ಪ್ರಿಂಕ್ಲರ್ ಹಾಕುವುದಾದರೆ ಸಂಜೆ 6ರಿಂದ ಬೆಳಗ್ಗೆ 10ರ ಒಳಗೆ. ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ನಿಯಮ ಕೇಳಿಕೊಳ್ಳಿ. ಪರ್ತ್‌ನಲ್ಲಿ ಅಣೆಕಟ್ಟಿಗೆ ಹರಿದು ಬರುವ ನೀರು 1970ರ ದಶಕದ ನಂತರ ತೀರಾ ಇಳಿದುಹೋಗಿ, ಈಗ ಸಮುದ್ರದ ನೀರನ್ನೂ ಸಿಹಿ ಮಾಡಿ ಕುಡಿಯುತ್ತಾರೆ. ಮೆಲ್ಬರ್ನಿಗೂ ವಾಂಥ್ಯಾಗಿಯಲ್ಲಿ ಅಂಥದೇ ಒಂದು ಸ್ಥಾವರ ಇದೆ. ನಿಮ್ಮ ನೀರಿನ ಬಿಲ್ಲಿನಲ್ಲಿ ಅದರ ಸಾಲವೂ ಸೇರಿದೆ.

ಕಾವೇರಿ ಜಗಳ ನೋಡಿ ಬೆಳೆದವರಿಗೆ ಇಲ್ಲಿನ ಮರ್ರಿ ನದಿಯ ಸುದ್ದಿ ಹೊಸದು ಅನ್ನಿಸುವುದಿಲ್ಲ. 2500 ಕಿಲೋಮೀಟರ್ ಉದ್ದದ ನದಿ, ಮೇಲಿನ ರಾಜ್ಯಗಳು ಹತ್ತಿ, ಭತ್ತ, ದ್ರಾಕ್ಷಿಗೆ ನೀರು ಎತ್ತುತ್ತವೆ, ಕೊನೆಯಲ್ಲಿರುವ ಸೌತ್ ಆಸ್ಟ್ರೇಲಿಯಾ ಬೊಬ್ಬೆ ಹೊಡೆಯುತ್ತದೆ. ಬರದ ವರ್ಷಗಳಲ್ಲಿ ಸಮುದ್ರ ಸೇರುವ ಕಡೆ ಮರಳು ತಳ್ಳುವಷ್ಟೂ ನೀರಿಲ್ಲದೆ, ಯಂತ್ರ ಇಟ್ಟು ನದಿಯ ಬಾಯಿ ತೆರೆದಿಡಬೇಕಾಯಿತು. ಇಲ್ಲಿಯ ಅಕ್ಕಿ ಬೆಳೆಯುವುದು ಈ ಜಲಾನಯನದ ರಿವರೀನಾ ಪ್ರದೇಶದಲ್ಲಿ. ಬರ ಬಂದ ವರ್ಷ ಗದ್ದೆಗಳು ಬಹುಪಾಲು ಖಾಲಿ. ಮಂಡ್ಯದ ಗೆಳೆಯರೊಬ್ಬರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನಾಲೆ ನೋಡಿ ಅರ್ಧ ಗಂಟೆ ಮಾತಾಡಲಿಲ್ಲ, ಆಮೇಲೆ ನಿಲ್ಲಿಸಲಿಲ್ಲ.

ಇನ್ನೊಂದು ನಂಟು ಇದೆ. ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನೀನೋ ವರ್ಷಗಳಲ್ಲಿ ಊರಿನಲ್ಲಿ ಮುಂಗಾರು ಕೈಕೊಡುವುದು ಜಾಸ್ತಿ, ಇಲ್ಲೂ ಬರ ಬೀಳುವುದು ಜಾಸ್ತಿ. ಆದರೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ ಪೂರ್ವ ಭಾಗ ತಣ್ಣಗಾದರೆ ಲೆಕ್ಕ ಉಲ್ಟಾ: ಅಲ್ಲಿಗೆ ಮಳೆ, ಇಲ್ಲಿಗೆ ಒಣಹವೆ. 2019 ಅಂಥ ವರ್ಷ. ಆಗಸ್ಟಿನಲ್ಲಿ ಬೆಳಗಾವಿ, ಕೊಡಗು ನೀರಿನಲ್ಲಿ ಮುಳುಗಿದ್ದವು. ಅದೇ ವರ್ಷದ ಕೊನೆಗೆ ಇಲ್ಲಿ ಕಾಡು ಹೊತ್ತಿ ಉರಿಯಿತು. ನಾವು ಸಂಘದಿಂದ ಒಂದೇ ವರ್ಷ ಎರಡು ಕಡೆಗೆ ಹಣ ಕೂಡಿಸಿದೆವು.

ಗಾಳಿ ಎತ್ತಲಿಂದ ಬೀಸುತ್ತಿದೆ ನೋಡಿ

ಇದನ್ನೊಂದು ಕಲಿತರೆ ಮೆಲ್ಬರ್ನಿನ ಹವಾಮಾನ ಅರ್ಧ ಅರ್ಥವಾದ ಹಾಗೆ. ಊರಿನಲ್ಲಿ ಉತ್ತರದ ಗಾಳಿ ಅಂದರೆ ಚಳಿ. ಇಲ್ಲಿ ಬೇಸಿಗೆಯ ಉತ್ತರದ ಗಾಳಿ ಅಂದರೆ ಮರಳುಗಾಡಿನ ಉಸಿರು. ಒಲೆಯ ಬಾಯಿ ತೆರೆದ ಹಾಗಿರುತ್ತದೆ. ದಕ್ಷಿಣಕ್ಕೆ ಸಮುದ್ರ, ಅದರಾಚೆ ಅಂಟಾರ್ಕ್ಟಿಕಾ. ಹಾಗಾಗಿ ಗಾಳಿ ನೈಋತ್ಯಕ್ಕೆ ತಿರುಗಿದ ಗಳಿಗೆಯಲ್ಲಿ ಬಿಸಿಲು ಸತ್ತುಹೋಗುತ್ತದೆ. ಅರ್ಧ ಗಂಟೆಯಲ್ಲಿ 15 ಡಿಗ್ರಿ ಇಳಿದದ್ದನ್ನು ನಾನೇ ನೋಡಿದ್ದೇನೆ. ಇಲ್ಲಿಯವರು ಇದನ್ನು 'ಕೂಲ್ ಚೇಂಜ್' ಅನ್ನುತ್ತಾರೆ. ಹವಾಮಾನ ಇಲಾಖೆಯ ಆ್ಯಪ್‌ನಲ್ಲಿ ಅದು ಎಷ್ಟು ಗಂಟೆಗೆ ಬರುತ್ತದೆ ಎಂದು ಬರೆದಿರುತ್ತಾರೆ. ಡಿಗ್ರಿಗಿಂತ ಮೊದಲು ಅದನ್ನು ಓದಿ. ಮಗಳ ಬ್ಯಾಗಿನಲ್ಲಿ ಸ್ವೆಟರ್, ಟೋಪಿ ಎರಡೂ ಇರಲಿ.

ಬಾಡಿಗೆ ಮನೆ ನೋಡುವಾಗಲೂ ದಿಕ್ಕು ನೆನಪಿರಲಿ. ಇದು ದಕ್ಷಿಣ ಗೋಳ. ಸೂರ್ಯ ಪೂರ್ವದಲ್ಲೇ ಹುಟ್ಟುತ್ತಾನೆ, ಆದರೆ ಉತ್ತರದ ಕಡೆ ವಾಲಿಕೊಂಡು ಹೋಗುತ್ತಾನೆ. ಉತ್ತರಕ್ಕೆ ಕಿಟಕಿ ಇರುವ ಹಾಲ್ ಚಳಿಗಾಲದಲ್ಲಿ ಬೆಚ್ಚಗಿರುತ್ತದೆ. ಪಶ್ಚಿಮಕ್ಕೆ ದೊಡ್ಡ ಗಾಜು ಇದ್ದರೆ ಬೇಸಿಗೆಯ ಸಂಜೆ ಆ ಕೋಣೆಯಲ್ಲಿ ಕೂರಲಾಗದು. ನಮ್ಮ ಮೊದಲ ಮನೆ ಪೂರ್ವದ ಬಾಗಿಲು, ವಾಸ್ತು ಪ್ರಕಾರ ಬಲು ಚೆಂದ ಅಂತ ಹಿಡಿದೆವು. ಮಲಗುವ ಕೋಣೆಗಳೆಲ್ಲ ಪಶ್ಚಿಮಕ್ಕೆ. ಫೆಬ್ರವರಿಯ ಆ ರಾತ್ರಿಗಳನ್ನು ಅಡುಗೆಮನೆಯ ನೆಲದ ಮೇಲೆ ಕಳೆದೆವು.

ಅನೇಕ ಮನೆಗಳಲ್ಲಿ ಛಾವಣಿಯ ಮೇಲೆ ನೀರಿನ ಕೂಲರ್ ಇರುತ್ತದೆ. ಎಸಿ ಹಾಗೆ ಎಲ್ಲ ಮುಚ್ಚಿಕೊಂಡು ಕೂತರೆ ಅದು ಕೆಲಸ ಮಾಡುವುದಿಲ್ಲ. ಎರಡು ಕಿಟಕಿ ಸ್ವಲ್ಪ ತೆರೆದಿಡಿ. ಹೊರಗೆ ಕಾಡಿನ ಹೊಗೆ ಇದ್ದರೆ ಮಾತ್ರ ಆರಿಸಿಬಿಡಿ, ಇಲ್ಲವಾದರೆ ಹೊಗೆಯನ್ನೇ ಮನೆಯೊಳಗೆ ಎಳೆಯುತ್ತದೆ. ಒಣ ಗಾಳಿಗೆ ತುಟಿ, ಹಿಮ್ಮಡಿ ಒಡೆಯುವುದು, ಮಕ್ಕಳ ಮೂಗಿನಲ್ಲಿ ರಕ್ತ ಬರುವುದು ಸಾಮಾನ್ಯ. ಮಗುವನ್ನು ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಒತ್ತಿಹಿಡಿಯಿರಿ. ನಿಲ್ಲದಿದ್ದರೆ, ಪದೇ ಪದೇ ಬಂದರೆ ಡಾಕ್ಟರಿಗೆ ತೋರಿಸಿ.

ಚಳಿಗಾಲದ ಬಗ್ಗೆ ಒಂದೇ ಮಾತು. ಹೊರಗೆ ಹಿಮ ಬೀಳುವುದಿಲ್ಲ, ಆದರೆ ಹಳೆಯ ಮನೆಗಳು ಗಾಳಿ ಸೋರುತ್ತವೆ, ಒಳಗೇ ಚಳಿ. ಇಡ್ಲಿ ಹಿಟ್ಟು ಓವನ್ ಒಳಗೆ, ದೀಪ ಮಾತ್ರ ಹಾಕಿ ಇಡಿ. ಉಬ್ಬುತ್ತದೆ.

ಬೆಂಕಿ

2009ರ ಫೆಬ್ರವರಿ 7, ಇಲ್ಲಿಯವರು 'ಕಪ್ಪು ಶನಿವಾರ' ಎಂದು ನೆನೆಯುವ ದಿನ. ಕಾಡ್ಗಿಚ್ಚಿನಲ್ಲಿ 173 ಜನ ಸತ್ತರು. ಅಂದು ಸಂಜೆ ಕೂಲ್ ಚೇಂಜ್ ಬಂದಾಗ ಮೆಲ್ಬರ್ನಿನಲ್ಲಿ ನಾವು ಕಿಟಕಿ ತೆರೆದು ನಿಟ್ಟುಸಿರು ಬಿಟ್ಟೆವು. ಬೆಟ್ಟಗಳಲ್ಲಿ ಅದೇ ಗಾಳಿ, ಉದ್ದಕ್ಕೆ ಓಡುತ್ತಿದ್ದ ಬೆಂಕಿಯ ಪಕ್ಕವನ್ನೇ ಮುಂಭಾಗ ಮಾಡಿ ಹೊಸ ಹಳ್ಳಿಗಳ ಮೇಲೆ ತಿರುಗಿಸಿತ್ತು. ನಮಗೆ ಅದು ಗೊತ್ತಾಗಿದ್ದು ಮರುದಿನ.

ಈಗ ಬೆಂಕಿ ಅಪಾಯಕ್ಕೆ ನಾಲ್ಕು ಹಂತ ಇವೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರೋಫಿಕ್. ಊರ ಹೊರಗೆ, ಕಾಡಿನ ಅಂಚಿನಲ್ಲಿ ಮನೆ ಮಾಡಿದವರು ಕೊನೆಯ ಹಂತದ ದಿನ ಬೆಳಗ್ಗೆಯೇ ಅಥವಾ ಹಿಂದಿನ ರಾತ್ರಿಯೇ ಪೇಟೆಗೆ ಬಂದುಬಿಡಿ. ಹೊಗೆ ಕಂಡಮೇಲೆ ಹೊರಡೋಣ ಅನ್ನುವುದು ಬೇಡ. ಫೋನಿಗೆ ವಿಕ್‌ಎಮರ್ಜೆನ್ಸಿ ಆ್ಯಪ್ ಹಾಕಿಕೊಳ್ಳಿ. ತುರ್ತು ಕರೆಗೆ ಸಂಖ್ಯೆ 000.

'ಟೋಟಲ್ ಫೈರ್ ಬ್ಯಾನ್' ಘೋಷಿಸಿದ ದಿನ ಬಯಲಿನಲ್ಲಿ ಬೆಂಕಿ ಹೊತ್ತಿಸುವುದು ಅಪರಾಧ. ಹೋಮಕುಂಡವೂ ಬೆಂಕಿಯೇ. ಬೇಸಿಗೆಯಲ್ಲಿ ಗೃಹಪ್ರವೇಶ ಇಟ್ಟುಕೊಂಡರೆ ಪುರೋಹಿತರಿಗೆ ಮೊದಲೇ ಹೇಳಿ, ಒಳಗೆ ಚಿಕ್ಕದಾಗಿ ಮಾಡುವ ಏರ್ಪಾಡೂ ಇರಲಿ. ಒಳಗೆ ಮಾಡಿದರೆ ಸ್ಮೋಕ್ ಅಲಾರಂ ಮಂತ್ರಕ್ಕಿಂತ ಜೋರಾಗಿ ಕೂಗುತ್ತದೆ. ಅದಕ್ಕೂ ತಯಾರಿರಿ.

ಉರಿಯುವ ಮರ ಯಾವುದು ಗೊತ್ತಾ? ನಮ್ಮ ನೀಲಗಿರಿ. ಅದರ ತವರು ಇದೇ. ಎಲೆಯಲ್ಲಿ ಎಣ್ಣೆ, ಕೆಳಗೆ ಒಣ ತೊಗಟೆ. ಬಿರುಬೇಸಿಗೆಯಲ್ಲಿ ಗಾಳಿಯೇ ಇಲ್ಲದಾಗಲೂ ದೊಡ್ಡ ಕೊಂಬೆ ಕಳಚಿ ಬೀಳುತ್ತದೆ. ಅದರ ಕೆಳಗೆ ಟೆಂಟ್ ಹಾಕಬೇಡಿ, ಕಾರು ನಿಲ್ಲಿಸಬೇಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕ್, ಕಾರವಾರ ಕಡೆಯ ಗಾಳಿಮರ, ಮಲೆನಾಡಿನ ಅಕೇಶಿಯಾ, ಇವೂ ಇಲ್ಲಿಂದಲೇ ಹೋದವು. ಕೊಡಗಿನ ಕುಟುಂಬವೊಂದು ಇಲ್ಲಿನ ಪಾರ್ಕಿನಲ್ಲಿ ಸಿಲ್ವರ್ ಓಕ್ ಕಂಡು "ಮೆಣಸಿನ ಬಳ್ಳಿ ಎಲ್ಲಿ?" ಅಂತ ಹುಡುಕಿದ್ದು ಸಂಘದಲ್ಲಿ ಇಂದಿಗೂ ನಗೆಯ ವಿಷಯ.

ಬಿಸಿಲು, ಹುಲ್ಲಿನ ಪರಾಗ

ಇಲ್ಲಿ ಬಿಸಿಲಿನ ಚುರುಕು ಶಾಖದಿಂದ ಗೊತ್ತಾಗುವುದಿಲ್ಲ. 22 ಡಿಗ್ರಿಯ ಮೋಡದ ದಿನವೂ ಚರ್ಮ ಸುಡುತ್ತದೆ. ಆ್ಯಪ್‌ನಲ್ಲಿ ಯುವಿ (ಅತಿನೇರಳೆ ಕಿರಣದ) ಸೂಚ್ಯಂಕ ಇರುತ್ತದೆ. 3 ಮುಟ್ಟಿದರೆ ಟೋಪಿ, ಸನ್‌ಸ್ಕ್ರೀನ್. ನಮ್ಮದು ಕಂದು ಬಣ್ಣ, ಏನೂ ಆಗಲ್ಲ ಅನ್ನುವುದು ಅರ್ಧ ಸತ್ಯ. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಶಾಲೆಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಟೋಪಿ ಇಲ್ಲದ ಮಗುವನ್ನು ಆಟಕ್ಕೆ ಬಿಡುವುದಿಲ್ಲ. ಅತ್ತು ಬಂದರೆ ಟೀಚರನ್ನು ಬೈಯಬೇಡಿ. ಚಳಿಗಾಲದಲ್ಲಿ ತಿರುಗಾ: ನಮ್ಮ ಬಣ್ಣದವರಿಗೆ ಬಿಸಿಲು ಸಾಲದೆ ವಿಟಮಿನ್ ಡಿ ಕಡಿಮೆಯಾಗುತ್ತದೆ. ಡಾಕ್ಟರನ್ನು ಕೇಳಿ.

ವಸಂತದ ಬಗ್ಗೆ ಹೇಳಲೇಬೇಕು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಉತ್ತರ, ಪಶ್ಚಿಮದ ಹುಲ್ಲುಗಾವಲಿನಿಂದ ರೈಗ್ರಾಸ್ ಎಂಬ ಹುಲ್ಲಿನ ಪರಾಗ ಗಾಳಿಯಲ್ಲಿ ಬರುತ್ತದೆ. ಮೊದಲ ವರ್ಷ ನಿಮಗೆ ಏನೂ ಆಗದಿರಬಹುದು. ಎರಡು ಮೂರು ವಸಂತ ಕಳೆದ ಮೇಲೆ ಸೀನು, ಕಣ್ಣುರಿ ಶುರುವಾಗುವುದು ನಮ್ಮವರಲ್ಲಿ ಬಹಳ. 2016ರ ನವೆಂಬರ್ 21ರ ಸಂಜೆ ಗುಡುಗು ಮಳೆಯೊಂದು ಬಂತು. ತೇವಕ್ಕೆ ಪರಾಗ ಒಡೆದು ಸಣ್ಣ ಸಣ್ಣ ಚೂರಾಗಿ ಶ್ವಾಸಕೋಶದ ಆಳಕ್ಕೆ ಇಳಿಯಿತು. ಸಾವಿರಾರು ಜನ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ಆಸ್ಪತ್ರೆಗೆ ಬಂದವರಲ್ಲಿ ಭಾರತ ಮತ್ತು ಏಷ್ಯಾ ಮೂಲದವರ ಪಾಲು ದೊಡ್ಡದಿತ್ತು, ಎಷ್ಟೋ ಮಂದಿಗೆ ಅದಕ್ಕೆ ಮೊದಲು ಆಸ್ತಮಾ ಇದ್ದದ್ದೇ ಗೊತ್ತಿರಲಿಲ್ಲ. ಸೀನು ಇದ್ದರೆ ಡಾಕ್ಟರ ಹತ್ತಿರ ಮಾತಾಡಿ, ಪಫರ್ (ಇನ್‌ಹೇಲರ್) ಮನೆಯಲ್ಲಿರಲಿ, ಅಂಥ ದಿನ ಬಿರುಗಾಳಿ ಬರುವ ಮುನ್ನ ಒಳಗೆ ಸೇರಿ ಕಿಟಕಿ ಮುಚ್ಚಿ.

ರಜೆಗೆ ಒಳನಾಡಿಗೆ ಹೊರಟರೆ

ನಕ್ಷೆಯಲ್ಲಿ ಎರಡು ಬೆರಳಿನ ದೂರ ಕಂಡರೆ ಮೋಸ ಹೋಗಬೇಡಿ. ಆಲಿಸ್ ಸ್ಪ್ರಿಂಗ್ಸ್‌ಗೆ ವಿಮಾನ ಹಿಡಿದು, ಅಲ್ಲಿಂದ ಉಲುರು ಬಂಡೆಗೆ ಟ್ಯಾಕ್ಸಿ ಮಾಡೋಣ ಅಂದವರಿದ್ದಾರೆ. ಅದು 450 ಕಿಲೋಮೀಟರ್ ದಾರಿ. ಸ್ಟುವರ್ಟ್ ಹೆದ್ದಾರಿಯಲ್ಲಿ ಗ್ಲೆನ್‌ಡಂಬೋ ಬಿಟ್ಟರೆ ಮುಂದಿನ ಪೆಟ್ರೋಲ್ ಕೂಬರ್ ಪೀಡಿಯಲ್ಲಿ, ಸುಮಾರು 250 ಕಿಲೋಮೀಟರ್ ಆಚೆ. ಬೆಂಗಳೂರಿನಿಂದ ದಾವಣಗೆರೆವರೆಗೆ ಒಂದು ಬಂಕ್, ಒಂದು ಟೀ ಅಂಗಡಿ, ಒಂದು ಮನೆಯೂ ಇಲ್ಲದಿದ್ದರೆ ಹೇಗಿರುತ್ತದೆ, ಹಾಗೆ. ಫೋನ್ ಸಿಗ್ನಲ್ ಇರುವುದಿಲ್ಲ. ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿ, ಕುಡಿಯುವ ನೀರು ಬೇಕಾದ್ದಕ್ಕಿಂತ ಜಾಸ್ತಿ ಇಟ್ಟುಕೊಳ್ಳಿ. ಕಾರು ಕೆಟ್ಟರೆ ಕಾರು ಬಿಟ್ಟು ನಡೆಯಬೇಡಿ. ಮೇಲಿಂದ ಹುಡುಕುವವರಿಗೆ ಕಾರು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕಾಂಗರೂ ಅಡ್ಡ ಬರುತ್ತವೆ, ಆ ಹೊತ್ತಿಗೆ ಊರು ಸೇರಿಕೊಂಡಿರಿ. ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗುವುದು ಒಳ್ಳೆಯದು. ಜುಲೈ ರಾತ್ರಿ ಮರಳುಗಾಡು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಕಂಬಳಿ ಬೇಕು. ಉಲುರು ಹತ್ತುವುದನ್ನು 2019ರ ಅಕ್ಟೋಬರಿನಿಂದ ನಿಲ್ಲಿಸಿದ್ದಾರೆ. ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಅದು ಪವಿತ್ರ ಜಾಗ. ಸುತ್ತ ನಡೆದು ನೋಡಿ, ಪ್ರದಕ್ಷಿಣೆ ಹಾಕಿದ ಹಾಗೆಯೇ ಆಗುತ್ತದೆ.

ಹಬ್ಬದ ಲೆಕ್ಕ

ಇಲ್ಲಿ ದೀಪಾವಳಿ ವಸಂತದಲ್ಲಿ, ಯುಗಾದಿ ಎಲೆ ಉದುರುವ ಕಾಲದಲ್ಲಿ. ಬೇವು ಹುಡುಕಲೇಬೇಕು, ಮಾವಿನ ಚಿಗುರಂತೂ ದೂರದ ಮಾತು. ಸಂಕ್ರಾಂತಿ ನಡುಬೇಸಿಗೆ. ಉತ್ತರಾಯಣ ಅಂದರೆ ಸೂರ್ಯ ಊರ ಕಡೆ ಹೊರಟ ಅಂತ ಅರ್ಥ, ಇಲ್ಲಿ ಆಗ ಹಗಲು ಕಿರಿದಾಗುತ್ತಿರುತ್ತದೆ. ಇಲ್ಲಿನ ಮೂಲನಿವಾಸಿಗಳಿಗೂ ನಾಲ್ಕು ಋತುವಿನ ಲೆಕ್ಕ ಒಗ್ಗಿಲ್ಲ. ಉತ್ತರದ ಕಾಕಡುವಿನಲ್ಲಿ ನಮ್ಮ ಹಾಗೆ ಆರು ಋತು.

ಊರಿನಿಂದ ಬರುವಾಗ ಕರಿಬೇವಿನ ಗಿಡ, ಬೀಜ ಬ್ಯಾಗಿನಲ್ಲಿ ತುರುಕಬೇಡಿ. ತಿನ್ನುವ ವಸ್ತು ಏನೇ ಇದ್ದರೂ ಬಂದಿಳಿಯುವಾಗ ತುಂಬುವ ಪ್ರಯಾಣಿಕರ ಕಾರ್ಡಿನಲ್ಲಿ ಬರೆದು ತೋರಿಸಿ. ಮುಚ್ಚಿಟ್ಟರೆ ದಂಡ. ಕರಿಬೇವಿನ ಗಿಡ ಇಲ್ಲಿನ ನರ್ಸರಿಯಲ್ಲೇ ಸಿಗುತ್ತದೆ. ಕುಂಡದಲ್ಲಿ ಹಾಕಿ, ಉತ್ತರದ ಬಿಸಿಲು ಬೀಳುವ ಗೋಡೆಗೆ ಒರಗಿಸಿ ಇಡಿ. ಚಳಿಗಾಲದಲ್ಲಿ ಎಲೆ ಉದುರಿಸಿ ಸತ್ತ ಹಾಗೆ ನಿಲ್ಲುತ್ತದೆ. ಕೀಳಬೇಡಿ, ನವೆಂಬರಿಗೆ ಚಿಗುರುತ್ತದೆ.

ಇಷ್ಟೆಲ್ಲ ಬೈದರೂ ಈ ಒಣ ಗಾಳಿ ನಮಗೆ ಒಂದು ಉಪಕಾರ ಮಾಡುತ್ತದೆ: ಹಪ್ಪಳ, ಸಂಡಿಗೆ. ಊರಿನಲ್ಲಿ ಮೂರು ದಿನ ಒಣಗುವುದು ಇಲ್ಲಿ ಒಂದೇ ದಿನಕ್ಕೆ ಗರಿಗರಿ. ಉತ್ತರದ ಗಾಳಿ ಇರುವ, 33, 34 ಡಿಗ್ರಿಯ ದಿನ ಆರಿಸಿ. ಬೆಳಗ್ಗೆ ಎಂಟಕ್ಕೆ ಹರಡಿ, ಬಟ್ಟೆಯ ನಾಲ್ಕೂ ಮೂಲೆಗೆ ಇಟ್ಟಿಗೆ ಇಡಿ. ಕಲ್ಲು ಸಾಲದು, ಇಟ್ಟಿಗೆಯೇ ಬೇಕು. ಕೂಲ್ ಚೇಂಜ್ ಬರುವ ಹೊತ್ತಿಗೆ ಅರ್ಧ ಗಂಟೆ ಮೊದಲೇ ಒಳಗೆ ತನ್ನಿ. ಊರಿನಿಂದ ಬಂದಿದ್ದ ನಮ್ಮಮ್ಮ "ಇನ್ನೊಂದು ಸ್ವಲ್ಪ ಹೊತ್ತು ಇರಲಿ ಬಿಡು" ಅಂದರು. ಆ ವರ್ಷದ ಅರಳು ಸಂಡಿಗೆ ಪಕ್ಕದ ಮನೆಯವರ ಛಾವಣಿಯ ದೋಣಿಯಲ್ಲಿ ಸಿಕ್ಕಿತು.